ಟೈಮು: ನಿಮ್ಮಿಷ್ಟ

ಕಪನೂರಿನ ಬ್ಯಾಳಿ ಮಿಲ್ಲಿನಾಗ
ನಾ ಹರಳು ಆರಿಸಾಕಿ.
ಹನ್ನೊಂದು ವರ್ಷ ಆತು.
ಬ್ಯಾಳಿ ಬಣ್ಣದ್ದೇ, ಬ್ಯಾಳಿ ಗಾತ್ರದ್ದೇ ಹರಳು
ಕಣ್ಣಿಗೆ ಸಿಗೂದಿಲ್ಲ.
ಬೆರಳಿಗೆ ತಣ್ಣಗ ಹತ್ತತದ.

ಮೊನ್ನೆ ತಂಗಿಮಗಳು ಮಹಾನಂದಾ,
ಪಿಯುಸಿ ಮುಗಿಸಿ ಮನ್ಯಾಗ ಕುಂತಾಕಿ,
ಸೂಪರ್ ಮಾರ್ಕೆಟ್ಟಿನ ಲೈಟ್ ಕಂಬದಿಂದ
ಒಂದು ಚೀಟಿ ಕಿತ್ತಕೊಂಡು ಬಂದಳು.
ಹಿಂದಿನ ಗೋಂದು ಇನ್ನೂ ಹಸಿ ಇತ್ತು.

ಮನೆಯಲ್ಲೇ ಕುಳಿತು ಪೆನ್ಸಿಲ್ ಪ್ಯಾಕಿಂಗ್.
ತಿಂಗಳಿಗೆ ಮೂವತ್ತೆಂಟು ಸಾವಿರ.
ಓದು ಬೇಡ. ಅನುಭವ ಬೇಡ.
ಟೈಮು: ನಿಮ್ಮಿಷ್ಟ.
ಇಂದೇ ಕೊನೆಯ ದಿನ.

ತಾರೀಖು ಮಾತ್ರ ಎಲ್ಲೂ ಇಲ್ಲ.
ಇಂದೇ ಅಂದ್ರ ಯಾ ಇಂದು?
ಮಳಿ ಬಂದು ಕಾಗದ ಕರಗೂತನಕ
ದಿನಾ ಕೊನೆಯ ದಿನಾನೇ.

ಟೈಮಿನ ಮಾತು ನನಗ ಕೇಳು, ಮಹಾನಂದಾ.
ಎಂಟರ ಪಾಳಿ ಅಂದ್ರ
ಐದೂವರಿಗೆ ರೊಟ್ಟಿ ಬಡಿಬೇಕು,
ಆ ಹೊತ್ತು ಯಾ ರಿಜಿಸ್ಟರಿನಾಗೂ ಇಲ್ಲ.
ರಾತ್ರಿ ಪಾಳಿ ಅಂದ್ರ
ಹಗಲ ನಿದ್ದಿಗಂತ ಕಿಡಕಿಗೆ ಸೀರಿ ಕಟ್ಟಬೇಕು,
ಕಟ್ಟಿದ ಕೂಡ್ಲೇ ಗ್ಯಾಸಿನಾಂವ ಬಾಗಿಲ ಬಡೀತಾನ.
ಓವರ್‌ಟೈಮಿಗೆ ಡಬಲ್ ಪಗಾರ ಅಂತ
ಗ್ವಾಡಿ ಮ್ಯಾಲ ಬೋರ್ಡ್ ಅದ,
ಬೋರ್ಡಿನ ಮುಂದ ಚೀಲ ಒಟ್ಟ್ಯಾರ.
ನಿಮ್ಮಪ್ಪಂದು ಬ್ಯಾರೇ ತರಾ:
ಮುಂಜಾನಿ ನಾಕು ತಾಸು ಬಸ್ಸು, ಸಂಜಿಗಿ ನಾಕು,
ನಡುವ ಅಫಜಲಪುರ ಸ್ಟ್ಯಾಂಡಿನ ಬೆಂಚಿನ ಮ್ಯಾಲ ಆರು ತಾಸು.
ಕೆಲಸಾನೂ ಅಲ್ಲ, ಮನೀನೂ ಅಲ್ಲ ಅದು.
ಆಸ್ಪತ್ರ್ಯಾಗ ಕಸ ಹೊಡಿಯೋ ಲಾಲಬಿ
ಫೋನ್ ಬಂದ್ರ ಕೂಲಿ, ಬರದಿದ್ರ ಇಲ್ಲ.
ಜಳಕ ಮಾಡೂವಾಗೂ ಆಕಿ ಕಿವಿ
ಬಚ್ಚಲ ಹೊರಗೇ ಇರತದ.
ಚೀಲದ ಲೆಕ್ಕಕ್ಕ ಹೋದವರಿಗೆ ಗಡಿಯಾರ ಇಲ್ಲ,
ಬೆನ್ನೇ ಗಂಟಿ ಹೊಡೀತದ.

ಇಷ್ಟು ನಮೂನಿ ಟೈಮು ನೋಡೀನಿ.
'ನಿಮ್ಮಿಷ್ಟ' ಅನ್ನೋದು
ಯಾ ಮಾಲಕನ ಬಾಯಾಗೂ ಕೇಳಿಲ್ಲ.
ಅಲ್ಲೇ
ತಣ್ಣಗ ಹತ್ತಿತು ಬೆರಳಿಗೆ.

ಆದ್ರ ಹುಡುಗಿ ಕಣ್ಣಾಗ ಮೂವತ್ತೆಂಟು ಸಾವಿರ.
ಹಚ್ಚು ಫೋನು, ಅಂದೆ. ಸ್ಪೀಕರ್ ಇಟ್ಟಳು.
ಸಣ್ಣ ಹುಡುಗನ ದನಿ, ಬಾಯಿಪಾಠ ಮಾಡಿದ ಕನ್ನಡ.
"ಅಭಿನಂದನೆಗಳು ಮೇಡಂ, ನೀವು ಆಯ್ಕೆಯಾಗಿದ್ದೀರಿ."
ಹೆಸರು ಕೇಳೂಕಿಂತ ಮೊದಲೇ ಆಯ್ಕಿ!
ಆಫೀಸ್ ಎಲ್ಲದ ಅಂದ್ರ ಶಹರ ಹೇಳ್ತಾನ,
ಓಣಿ ಹೇಳೂದಿಲ್ಲ.
ಐಡಿ ಕಾರ್ಡಿಗೆ ಮೊದಲು ಹದಿನೈದು ನೂರು ಹಾಕಿ, ಅಂದ.
ಕೂಲಿಗೆ ಬರೋರೇ ರೊಕ್ಕ ಕೊಡಬೇಕೇನಪಾ?
"ವಾಪಸ್ ಬರುತ್ತದೆ ಮೇಡಂ."
ಅವನ ಹಿಂದ ಹತ್ತು ಹದಿನೈದು ದನಿ
ಯಾರ‍್ಯಾರಿಗೋ ಅಭಿನಂದನೆಗಳು ಅನ್ಲಿಕತ್ತಿದ್ವು.

ರಾತ್ರಿ ಹತ್ತು ದಾಟಿತ್ತು.
ಯಾಕ ಕೇಳಿದೆನೋ, ಗೊತ್ತಿಲ್ಲ:
ಊಟ ಆತೇನೋ ತಮ್ಮಾ?
ನಿಂದು ಎಷ್ಟು ತಾಸಿನ ಡ್ಯೂಟಿ?

ಬಾಯಿಪಾಠದಾಗ ಅದಕ್ಕ ಉತ್ತರ ಇರಲಿಲ್ಲ.
ಸುಮ್ಮನಾದ.
ಆಮ್ಯಾಲ ನಮ್ಮ ಮಾತಿನಾಗೇ, ಸಣ್ಣಗ,
"ಎಂಟಂತ ಹೇಳಿದ್ರು, ಅಕ್ಕಾ."
ಲೈನ್ ಕಟ್.

ಅಂವ ಕಳ್ಳ, ನೀ ಊಟ ಕೇಳ್ತಿ, ಅಂತ ಸಿಟ್ಟಾದಳು ಮಹಾನಂದಾ.
ನಂಬರ್ ಠಾಣೆಗೆ ಕೊಡ್ತೀನಿ ಅಂದಳು.
ಕೊಡು, ಅಂದೆ.
ಪೂರಾ ಮನಸಿನಿಂದ ಅಂದೆನೋ ಇಲ್ಲೋ.

ಚೀಟಿ ಹಿಂದ ಖಾಲಿ ಇತ್ತು.
ಗೋಂದು ಒಣಗಿದ ಮ್ಯಾಲ
ಅದರ ಮ್ಯಾಲೇ ಬರಕೊಂತ ಕುಂತಳು,
ಮುಂದ ಯಾರೇ ಕೆಲಸ ಕೊಡ್ತೀನಂದ್ರ ಕೇಳೂದು:
ಕಂಪನಿ ಹೆಸರು. ಓಣಿ. ಎಷ್ಟು ತಾಸು.
ಪಗಾರ ಯಾ ತಾರೀಖಿಗೆ. ಕಾಗದಕ್ಕ ಸಹಿ ಯಾರದು.
ರಜಾ ಯಾವಾಗ ಅಂತನೂ ಬರಿ, ಅಂದೆ.
ಬರದಳು. ಪೆನ್ನು ಹಲ್ಲಾಗ ಕಚ್ಚಿ ನನ್ನ ನೋಡಿದಳು.
"ನಿನಗ ಯಾವಾಗ, ದೊಡ್ಡವ್ವ?"

ಮುಂಜಾನಿ ಎಂಟಕ್ಕ ಪಾಳಿ ಇತ್ತು.
ದೀಪ ಆರಿಸಿದೆ.
ಕತ್ತಲಾಗ ಬೆರಳು ಮಡಚಿ ಮಡಚಿ
ಲೆಕ್ಕ ಹಾಕ್ಕೋತ ಮಲಗಿದೆ.